ಗಿನಿಕೋಳಿಗೆ ಇನ್ನೂರು ಕೋಟಿ ಕ್ರಿಮಿ

ಗಂಡ: ತೆಗಿಯೇ ಕೈನ! ಆ ಪುಡಿ ಈ ನೀರಿಗೆ ಬೀಳಬಾರದು ಅಂದ್ರೆ ಬೀಳಬಾರದು.

ಹೆಂಡತಿ: ನೀವು ಮೊದಲು ಮುಚ್ಚಳದ ಮೇಲಿಂದ ಕೈ ತೆಗೀರಿ. ಮರಿಗಳು ಬೆಳಗ್ಗಿಂದ ಗುಟುಕು ನೀರು ಕುಡಿದಿಲ್ಲ.

ಗಂಡ: ಪ್ಯಾಕೆಟ್ ಮೇಲೆ ಏನು ಬರೆದಿದೆ ಓದಿದ್ಯಾ? ‘ಜೀವಂತ ಸೂಕ್ಷ್ಮಜೀವಿಗಳು.’ ಜೀವಂತ! ಒಂದೊಂದು ಗ್ರಾಮಿನಲ್ಲಿ ಇನ್ನೂರು ಕೋಟಿ!

ಹೆಂಡತಿ: ಸತ್ತವನ್ನ ತುಂಬಿ ಕೊಟ್ಟಿದ್ರೆ ನಿಮಗೆ ಸಮಾಧಾನ ಆಗ್ತಿತ್ತಾ?

ಮನೆಯ ಹಿಂದಿನ ಶೆಡ್ಡಿನಲ್ಲಿ, ಬೆಚ್ಚಗಿನ ಬಲ್ಬಿನ ಕೆಳಗೆ, ಎಂಟು ದಿನದ ಅರವತ್ತು ಗಿನಿಕೋಳಿ ಮರಿಗಳು ಈ ಜಗಳ ಮುಗಿಯುವುದನ್ನೇ ಕಾಯುತ್ತಿದ್ದವು. ಸಾಕಣೆ ಹೆಂಡತಿಯದು. ಗಂಡ ಮೂವತ್ತೆರಡು ವರ್ಷ ಊರಿನ ಕುಡಿಯುವ ನೀರಿಗೆ ಕ್ಲೋರಿನ್ ಹಾಕಿ, ಹೋದ ವರ್ಷವಷ್ಟೇ ನಿವೃತ್ತನಾಗಿದ್ದ.

ಗಂಡ: ನನ್ನ ಸರ್ವೀಸಿನಲ್ಲಿ ಒಂದೇ ಒಂದು ಕ್ರಿಮಿ ನಲ್ಲಿ ತನಕ ಜೀವ ಹಿಡ್ಕೊಂಡು ಹೋಗಿಲ್ಲ. ಈಗ ಕಟ್ಕೊಂಡ ಹೆಂಡ್ತಿನೇ ಚಮಚದಲ್ಲಿ ಅಳೆದು ಹಾಕ್ತಾಳೆ ಅಂದ್ರೆ ನನ್ನ ಮಾನ ಏನಾಗಬೇಕು?

ಹೆಂಡತಿ: ಇವು ಒಳ್ಳೆ ಕ್ರಿಮಿ ಕಣ್ರೀ. ಪ್ರೊಬಯಾಟಿಕ್. ಹೊಟ್ಟೆ ತುಂಬ ಒಳ್ಳೆಯವೇ ಕೂತ್ಕೊಂಡ್ರೆ ಕೆಟ್ಟವಕ್ಕೆ ಜಾಗ ಸಿಗಲ್ಲವಂತೆ. ತಿಂದದ್ದು ಮೈಗೆ ಹತ್ತುತ್ತಂತೆ. ಪಶು ಡಾಕ್ಟ್ರು ಹೇಳಿದಾರೆ.

ಗಂಡ: ಒಳ್ಳೇದು ಯಾವುದು, ಕೆಟ್ಟದ್ದು ಯಾವುದು ಅಂತ ಮರಿ ಹೊಟ್ಟೆಯೊಳಗೆ ಹೋಗಿ ಹಾಜರಿ ತಗೊಳ್ಳೋರು ಯಾರು? ನಿಮ್ಮ ಡಾಕ್ಟ್ರಾ?

ಹೆಂಡತಿ: ದಿನಾ ಎರಡು ಬಟ್ಟಲು ಮೊಸರು ಖಾಲಿ ಮಾಡ್ತೀರಲ್ಲ, ಅದರೊಳಗೆ ಯಾರಿದಾರೆ ಅಂದ್ಕೊಂಡ್ರಿ?

ಗಂಡ: (ಗಾಬರಿಯಾಗಿ) ಮೊಸರನ್ನ ಇದಕ್ಕೆ ಎಳೀಬೇಡ. ನಾನು ಅದನ್ನ ನಂಬಿ ತಿಂತಿದೀನಿ.

ಹೆಂಡತಿ ಪ್ಯಾಕೆಟ್ ಕೆಳಗಿಟ್ಟಳು. ದನಿ ತಗ್ಗಿತು.

ಹೆಂಡತಿ: ನೋಡಿ, ಹೋದ ಸಲ ಅರವತ್ತರಲ್ಲಿ ಇಪ್ಪತ್ತೆರಡು ಮರಿ ಹೋದ್ವು. ಭೇದಿಯಾಗಿ, ಮುದುಡಿಕೊಂಡು, ನನ್ನ ಅಂಗೈಯಲ್ಲೇ. ಇನ್ನೊಂದು ಸಲ ನೋಡೋಕಾಗಲ್ಲ ನನಗೆ. ಈ ಸಲವೂ ಹಾಗೇ ಆದ್ರೆ ಶೆಡ್ಡಿಗೆ ಬೀಗ.

ಆ ಇಪ್ಪತ್ತೆರಡಕ್ಕೂ ಗುಂಡಿ ತೋಡಿದವನು ಗಂಡನೇ. ಆದರೂ ಹಠ ಬಿಡಲಿಲ್ಲ.

ಗಂಡ: ಸರಿ, ಪರೀಕ್ಷೆ ಮಾಡೇಬಿಡೋಣ. ನಡುವೆ ಜಾಲರಿ ಕಟ್ತೀನಿ. ಮೂವತ್ತು ಮರಿ ನಿನ್ನ ಕಡೆ, ಪುಡಿ ನೀರು. ಮೂವತ್ತು ನನ್ನ ಕಡೆ, ಶುದ್ಧ ನೀರು. ಐದು ವಾರ ಆದ್ಮೇಲೆ ತೂಕ.

ಹೆಂಡತಿ: ಒಬ್ಬರ ಕಡೆಗೆ ಇನ್ನೊಬ್ಬರು ಕೈ ಹಾಕಬಾರದು.

ಗಂಡ: ನಾನಾ? ಛೆ! ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ?

ಹೆಂಡತಿ: ನಿಮ್ಮನ್ನ ನೋಡಿಯೇ ಈ ಮಾತು ಹೇಳಿದ್ದು.

ಜಾಲರಿ ಬಂತು. ಬಾವಿ ನೀರೇ ಎರಡೂ ಕಡೆಗೆ. ನೀರಿನ ಡಬ್ಬಿಗಳನ್ನು ಉಜ್ಜುವ ಕೆಲಸ ಗಂಡನದು. ಅದನ್ನು ಅವನು ಯಾರಿಗೂ ಬಿಡುತ್ತಿರಲಿಲ್ಲ. ಮೂರು ವಾರ ಕಳೆಯುವಷ್ಟರಲ್ಲಿ ಗಂಡನ ಮರಿಗಳು ಎದೆ ಮುಂದೆ ಮಾಡಿ ಓಡಾಡತೊಡಗಿದವು. ಹೆಂಡತಿಯವು ತಿನ್ನುತ್ತಿದ್ದವು, ಆದರೆ ತಿಂದದ್ದು ಎಲ್ಲಿಗೆ ಹೋಗುತ್ತಿದೆಯೋ ತಿಳಿಯುತ್ತಿರಲಿಲ್ಲ.

ಗಂಡ: ಬೇಜಾರು ಮಾಡ್ಕೋಬೇಡ. ನಿನ್ನ ಮರಿಗಳು ಸಣ್ಣಗೆ, ನಾಜೂಕಾಗಿವೆ. ಅದೂ ಒಂಥರಾ ಚಂದ.

ಹೆಂಡತಿ: ನಾನೇನೂ ಮದುವೆಗೆ ಹೆಣ್ಣು ತೋರಿಸ್ತಾ ಇಲ್ಲ.

ಗಂಡ: ಬೇಕಿದ್ರೆ ನನ್ನ ಕಡೆಯಿಂದ ನಾಲ್ಕು ಮರಿ ಕೊಡ್ಲಾ? ಲೆಕ್ಕದಲ್ಲಿ ಸ್ವಲ್ಪ ಮಾನ ಉಳಿಯುತ್ತೆ.

ಹೆಂಡತಿ: ನನ್ನ ಮಾನ ಇದ್ದಲ್ಲೇ ಇದೆ. ನೀವು ಆ ಕಡೆ ಸರೀರಿ, ಬೆಳಕು ಬೀಳ್ಲಿ.

ಹೀಗೆ ಹೇಳಿದರೂ ಅವಳಿಗೆ ತಲೆ ಕೆಟ್ಟಿತ್ತು. ಪ್ಯಾಕೆಟ್ಟನ್ನು ತಿರುಗಿಸಿ ತಿರುಗಿಸಿ ಓದಿದಳು. ತಾರೀಖು ಸರಿಯಿತ್ತು, ಅಳತೆ ಸರಿಯಿತ್ತು. ಕೊನೆಗೆ ತನ್ನ ಕೈಗುಣವೇ ಸರಿಯಿಲ್ಲವೇನೋ ಎನ್ನಿಸಿಬಿಟ್ಟಿತು.

ಐದು ವಾರ ತುಂಬಿದ ಬೆಳಿಗ್ಗೆ ಪಶುವೈದ್ಯೆ ಸ್ಕೂಟರಿನಲ್ಲಿ ಬಂದಳು. ಮೂವತ್ತು ದಾಟದ ಹುಡುಗಿ. ಭುಜದಲ್ಲಿ ಬಟ್ಟೆಚೀಲ, ಕೈಯಲ್ಲಿ ನೇತಾಡುವ ತಕ್ಕಡಿ. ಒಂದೊಂದೇ ಮರಿಯನ್ನು ಚೀಲದಲ್ಲಿ ಹಾಕಿ ತೂಗಿ ಬರೆದುಕೊಂಡಳು.

ಡಾಕ್ಟರ್: ಮೊದಲು ಖುಷಿ ವಿಷಯ. ಎರಡೂ ಕಡೆ ಒಂದೂ ಸತ್ತಿಲ್ಲ. ಆಮೇಲೆ... ಸಾರ್ ಕಡೆ ಸರಾಸರಿ ನಾನ್ನೂರು ಗ್ರಾಂ. ಅಮ್ಮ, ನಿಮ್ಮ ಕಡೆ ಮುನ್ನೂರ ಮೂವತ್ತು.

ಗಂಡ: (ಎದ್ದು ನಿಂತು) ಶುದ್ಧ ನೀರು ಡಾಕ್ಟ್ರೇ, ಶುದ್ಧ ನೀರು! ಬರ್ಕೊಳ್ಳಿ. ಬೇಕಾದ್ರೆ ಸಹಿ ಹಾಕಿಕೊಡ್ತೀನಿ.

ಹೆಂಡತಿ: (ಸಣ್ಣಗೆ) ಹಾಗಾದ್ರೆ ಪುಡಿ ಸುಳ್ಳಾ ಡಾಕ್ಟ್ರೇ?

ಡಾಕ್ಟರ್ ಹೆಂಡತಿಯ ಕಡೆಯ ನೀರಿನ ಡಬ್ಬಿಯನ್ನು ಎತ್ತಿ ಮೂಗಿನ ಹತ್ತಿರ ಹಿಡಿದಳು.

ಡಾಕ್ಟರ್: ಅಮ್ಮ, ಇದು ನಲ್ಲಿ ನೀರಾ?

ಹೆಂಡತಿ: ಬಾವಿ ನೀರು. ನಾನೇ ಸೇದಿದ್ದು.

ಡಾಕ್ಟರ್: ಮತ್ತೆ ಈಜುಕೊಳದ ವಾಸನೆ ಬರ್ತಿದೆ?

ಹೆಂಡತಿ ಗಂಡನ ಕಡೆ ತಿರುಗಿದಳು. ಗಂಡ ಶೆಡ್ಡಿನ ತಗಡನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ.

ಹೆಂಡತಿ: ರೀ.

ಗಂಡ: ಆ ಮೂಲೆಯಲ್ಲಿ ತಗಡು ಸಡಿಲ ಆಗಿದೆ ಕಣೇ...

ಹೆಂಡತಿ: ರೀ!

ಗಂಡ: ಎರಡು ತೊಟ್ಟು. ಡಬ್ಬಿಗೆ ಎರಡೇ ಎರಡು ತೊಟ್ಟು ಕ್ಲೋರಿನ್. ಪ್ರತಿ ಬೆಳಗ್ಗೆ, ನೀನು ಕಾಳು ನುಚ್ಚು ಮಾಡೋಕೆ ಒಳಗೆ ಹೋದಾಗ.

ಡಾಕ್ಟರ್: ಸಾರ್! ಕ್ಲೋರಿನ್ ಬಿದ್ರೆ ಪುಡಿಯಲ್ಲಿರೋ ಜೀವಾಣು ಸತ್ತೇಹೋಗುತ್ತೆ. ಐದು ವಾರ ಇವರು ಬರೀ ಹೆಣಗಳನ್ನ ಕುಡಿಸಿದಾರೆ!

ಹೆಂಡತಿ: ಗೆಲ್ಲೋಕೆ ಇಷ್ಟು ಕೆಳಗಿಳಿದ್ರಾ ನೀವು?

ಗಂಡ: ಗೆಲ್ಲೋಕಲ್ಲ ಮಾರಾಯ್ತಿ! ಆ ಇನ್ನೂರು ಕೋಟಿ ಸೇರ್ಕೊಂಡು ಮರಿಗಳನ್ನ ಮುಗಿಸಿದ್ರೆ ನೀನು ಮತ್ತೆ ಅಳ್ತೀಯ. ಹೋದ ಸಲ ನಾಲ್ಕು ದಿನ ಊಟ ಬಿಟ್ಟಿದ್ದೆ. ಅದನ್ನ ಇನ್ನೊಂದು ಸಲ ನೋಡೋಕೆ ನನ್ನ ಕೈಲೂ ಆಗಲ್ಲ.

ಬೈಯಲು ಎತ್ತಿದ್ದ ಬೆರಳನ್ನು ಹೆಂಡತಿ ಸೆರಗಿಗೆ ಒರೆಸಿಕೊಂಡಳು. ಅಷ್ಟರಲ್ಲಿ ಡಾಕ್ಟರ್ ಬರೆದ ಹಾಳೆಯನ್ನು ಮತ್ತೆ ನೋಡಿ ಹುಬ್ಬು ಗಂಟಿಕ್ಕಿದಳು.

ಡಾಕ್ಟರ್: ಒಂದು ನಿಮಿಷ. ಪುಡಿ ಈ ಕಡೆ ಕೆಲಸ ಮಾಡಿಲ್ಲ, ಸರಿ. ಆ ಕಡೆ ಪುಡಿಯೇ ಇಲ್ಲ. ಹಾಗಾದ್ರೆ ಎರಡೂ ಕಡೆ ತೂಕ ಹೆಚ್ಚುಕಮ್ಮಿ ಒಂದೇ ಇರಬೇಕು. ಸಾರ್ ಮರಿಗಳು ಎಪ್ಪತ್ತು ಗ್ರಾಂ ಮುಂದೆ ಹೇಗೆ ಹೋದ್ವು?

ಗಂಡ: ಅದು ನನ್ನ ಆರೈಕೆ...

ಹೆಂಡತಿ: ಹೌದ್ರೀ, ಆ ಮೂಲೆ ತಗಡು ನಿಜವಾಗಲೂ ಸಡಿಲ ಆಗಿದೆ.

ಗಂಡ: ಏನೇ?

ಹೆಂಡತಿ: ಮಳೆ ಬಂದ್ರೆ ಸೋರುತ್ತೆ.

ಗಂಡ: ಏನೇ ಮಾಡಿದ್ದೆ?

ಹೆಂಡತಿ: ಎರಡನೇ ದಿನಕ್ಕೇ ನಿಮ್ಮ ಕಡೆ ಮರಿಗಳ ಹಿಕ್ಕೆ ನೀರುನೀರಾಗಿತ್ತು. ನಿಮ್ಮ ಹಠಕ್ಕೆ ಅವು ಯಾಕೆ ಸಾಯಬೇಕು? ನೀರಿನ ಡಬ್ಬಿ ಮುಂದೆ ನೀವು ಕಾವಲು. ಅದಕ್ಕೇ ನೀವು ಸ್ನಾನಕ್ಕೆ ಹೋದಾಗ ನಿಮ್ಮ ಕಡೆ ಮೇವಿಗೆ ಪುಡಿ ಕಲಸಿದೆ. ದಿನಾ.

ಗಂಡ: ದಿನಾ?

ಹೆಂಡತಿ: ನೀವೂ ದಿನಾ ಸ್ನಾನ ಮಾಡ್ತೀರಲ್ಲ.

ಡಾಕ್ಟರ್ ತಕ್ಕಡಿಯನ್ನು ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. ಗಂಡ ಮೆಲ್ಲಗೆ ಕಲ್ಲಿನ ಮೇಲೆ ಕುಳಿತ.

ಗಂಡ: ಅಂದ್ರೆ ಐದು ವಾರ ನೀನು ಬೇಕಂತಲೇ ಸೋಲ್ತಾ ಇದ್ದೆ?

ಹೆಂಡತಿ: ಬೇಕಂತ ಅಲ್ಲ. ಎರಡೂ ಕಡೆ ಒಂದೇ ಥರ ಬೆಳೀತಾವೆ, ನಿಮಗೆ ಗೊತ್ತಾಗಲ್ಲ ಅಂದ್ಕೊಂಡಿದ್ದೆ. ನನ್ನ ಕಡೆ ನೀವು ವಿಷ ಇಕ್ಕಿದ್ದು ನನಗೇನು ಗೊತ್ತು?

ಗಂಡ: ವಿಷ ಅನ್ಬೇಡ. ಊರೆಲ್ಲ ಕುಡಿದಿದೆ.

ಡಾಕ್ಟರ್: ಸಾರ್, ನಿಮ್ಮದೂ ಪಾಲಿದೆ ಬಿಡಿ. ಡಬ್ಬಿಗಳನ್ನ ದಿನಾ ಇಷ್ಟು ಚೊಕ್ಕಟವಾಗಿ ಉಜ್ಜೋರನ್ನ ನಾನು ಬೇರೆಲ್ಲೂ ನೋಡಿಲ್ಲ. ಒಂದೂ ಸಾಯದೇ ಇರೋದಕ್ಕೆ ಅದೂ ಕಾರಣ ಇರಬಹುದು. ಇನ್ಮೇಲೆ ಉಜ್ಜಿ, ಬರೀ ನೀರಲ್ಲಿ ಚೆನ್ನಾಗಿ ತೊಳೀರಿ, ಪುಡಿಗೆ ಅಡ್ಡ ಬರಬೇಡಿ. ಮೊದಲು ಆ ಜಾಲರಿ ಬಿಚ್ಚಿ.

ಗಂಡ ತಂತಿ ಬಿಚ್ಚಿದ. ಹೆಂಡತಿ ಇನ್ನೊಂದು ತುದಿ ಹಿಡಿದು ಸುತ್ತಿದಳು. ಅರವತ್ತು ಗಿನಿಕೋಳಿಗಳು ಒಂದರ ಮೇಲೊಂದು ಬಿದ್ದು ಬೆರೆತು, ಶೆಡ್ಡು ಹಾರಿಹೋಗುವಂತೆ ಒಟ್ಟಿಗೆ ಕಿರುಚತೊಡಗಿದವು. ಗಂಡ ಕಿವಿ ಮುಚ್ಚಿಕೊಂಡು ಆ ಚುಕ್ಕೆ ಚುಕ್ಕೆ ಗರಿಗಳ ರಾಶಿಯನ್ನೇ ನೋಡಿದ.

ಗಂಡ: ಲೇ, ಎಲ್ಲಾ ಸೇರಿಹೋದ್ವಲ್ಲೇ! ಇನ್ನು ನನ್ನವು ಯಾವುವು ಅಂತ ಹೇಗೆ ಗುರುತು ಹಿಡಿಯೋದು?

ಹೆಂಡತಿ: ಸುಲಭ ರೀ. ವಿಷಯ ಗೊತ್ತಿಲ್ಲದೇ ಕಿರುಚ್ತಾ ಇರೋವೆಲ್ಲ ನಿಮ್ಮವು.