ಹೆಬ್ಬಾವೂ ಎಂಜಲು ಪಾತ್ರೆಯೂ

ಟೈಲರ್ ಮಾಸ್ಟರಿಗೆ ಬಹಳ ದಿನಗಳಿಂದ ಒಂದು ಕೊರಗಿತ್ತು. ತಮ್ಮ ಮಾತು ಕೇಳುವವರು ಈ ಭೂಮಂಡಲದಲ್ಲಿ ಒಬ್ಬರೂ ಇಲ್ಲ. ಗಿರಾಕಿಗಳು ಕೇಳುವುದಿಲ್ಲ, ಮೂವತ್ತೆಂಟು ಇಂಚಿನ ಸೊಂಟವನ್ನು ಮೂವತ್ನಾಲ್ಕೆಂದೇ ಬರೆಯಬೇಕೆಂದು ಹಟ ಹಿಡಿಯುತ್ತಾರೆ. ಹೊಲಿಗೆ ಯಂತ್ರ ಕೇಳುವುದಿಲ್ಲ. ಅರ್ಜೆಂಟ್ ಕೆಲಸವಿದ್ದಾಗಲೇ ದಾರ ಕಡಿದುಕೊಳ್ಳುತ್ತದೆ. ಇನ್ನು ಅಂಗಡಿಯ ಹಿಂಬಾಗಿಲು ದಾಟಿದರೆ ಸಿಗುವ ಮೂರು ಕೋಣೆಗಳ ಗೃಹಸಾಮ್ರಾಜ್ಯದಲ್ಲಿ ಅವರ ಸ್ಥಾನ ಮೂಲೆಯ ಕೊಡೆಗಿಂತ ಒಂದು ಮೆಟ್ಟಿಲು ಕೆಳಗೆ. (ಕೊಡೆಯನ್ನಾದರೂ ಮಳೆ ಬಂದಾಗ ಹುಡುಕುತ್ತಾರೆ.)

ಹೀಗಿರುವಾಗ ಒಂದು ದಿನ ಪ್ಯಾಂಟು ಸಡಿಲ ಮಾಡಿಸಲು ಬಂದ ಗಿರಾಕಿಯೊಬ್ಬರು ಮಾತಿನ ಮಧ್ಯೆ ಹೇಳಿದರು: "ನಮ್ದು ಪೈಥಾನ್ ಕೆಲ್ಸ ಮಾಸ್ಟರೇ. ಕಂಪ್ಯೂಟರಿಗೆ ಏನು ಬರೆದುಕೊಡ್ತೀವೋ ಅದನ್ನೇ ಮಾಡುತ್ತೆ. ಎದುರು ಮಾತಿಲ್ಲ."

ಮಾಸ್ಟರ ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿ ಕೆಳಗೆ ಬಿತ್ತು. "ಎದುರು ಮಾತೇ ಇಲ್ವಾ?"

"ಇಲ್ಲ."

"ಮುಖ ಊದಿಸ್ಕೊಂಡು ಓಡಾಡೋದು?"

"ಅದೂ ಇಲ್ಲ."

ಆ ವಾರವೇ ಮಾಸ್ಟರು ಗ್ರಂಥಾಲಯದಲ್ಲಿ ಸಂಜೆ ಹೊತ್ತು ನಡೆಯುವ ಉಚಿತ ಪೈಥಾನ್ ತರಗತಿಗೆ ಹೆಸರು ಕೊಟ್ಟು ಬಂದರು.

"ಪೈಥಾನ್ ಅಂದ್ರೆ ಹೆಬ್ಬಾವಲ್ವಾ?" ಎಂದರು ಅತ್ತೆ. ಮಗಳ ಮನೆಯಲ್ಲೇ ಇರುವ ಈ ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಲೈನು ಜೋಡಿಸಿ ನಿವೃತ್ತರಾದವರು. ಯಾವ ಮಾತನ್ನೂ ಎರಡು ಸಲ ಖಚಿತಪಡಿಸಿಕೊಳ್ಳದೆ ಬಿಡುವವರಲ್ಲ. "ಹಾವು ಗೀವು ಮನೆಗೆ ತರ್ಬೇಡಿ ಅಳಿಯಂದ್ರೇ."

"ಹಾವಲ್ಲ ಅತ್ತೆ, ಅದೊಂದು ಭಾಷೆ."

"ಇರೋ ಭಾಷೇಲೇ ನೀವು ಹೇಳೋದು ಯಾರಿಗೂ ತಿಳಿಯಲ್ಲ, ಇನ್ನೊಂದು ಯಾಕ್ರೀ?" ಎಂದಳು ಹೆಂಡತಿ. ಅವಳಿಗೆ ಔಷಧಿ ಅಂಗಡಿಯಲ್ಲಿ ಕೆಲಸ. ಬೆಳಗಿನಿಂದ ಸಂಜೆಯವರೆಗೆ ನಿಂತ ಕಾಲ ಮೇಲೆ ನಿಂತು ಡಾಕ್ಟರುಗಳ ಕೈಬರಹವೆಂಬ ಶಾಸನಗಳನ್ನು ಓದುವ ಪಂಡಿತೆ. ಕಾಲೇಜಿಗೆ ಹೋಗುವ ಮಗಳು ಮಾತ್ರ ತನ್ನ ಹಳೆಯ ಲ್ಯಾಪ್‌ಟಾಪನ್ನು ತಂದುಕೊಟ್ಟಳು. ಅದರ ಒಂದು ಕೀಲಿ ಕಿತ್ತುಹೋಗಿತ್ತು. (ಮಾಸ್ಟರು ಆ ಜಾಗಕ್ಕೆ ನಾಲ್ಕು ತೂತಿನ ಶರ್ಟು ಗುಂಡಿಯೊಂದನ್ನು ಅಂಟಿಸಿ ಮಾನ ಮುಚ್ಚಿದರು.)

ತರಗತಿ ನಡೆಸುತ್ತಿದ್ದವಳು ಇಪ್ಪತ್ತೈದರ ಹುಡುಗಿ. ಎಲ್ಲರೂ ಅವಳನ್ನು ಟೀಚರಮ್ಮ ಎನ್ನುತ್ತಿದ್ದರು. ಮೊದಲ ಪಾಠ ಪ್ರಿಂಟ್. ಕಂಸದೊಳಗೆ ಏನು ಬರೆದರೂ ಪರದೆಯ ಮೇಲೆ ಅದೇ ಮೂಡುತ್ತದೆ ಎಂದಳು. ಮಾಸ್ಟರು ಕೈ ಒರೆಸಿಕೊಂಡು, ಒಂದೇ ಬೆರಳಿನಿಂದ, ಕಂಸದೊಳಗೆ ಮಾಸ್ಟರ್ ಎಂದಷ್ಟೇ ಕುಟ್ಟಿ ಗುಂಡಿ ಒತ್ತಿದರು. ಪರದೆ ಕೆಂಪಗಾಯಿತು. ಮಾಸ್ಟರ್ ಎಂಬ ಹೆಸರಿನವರು ಯಾರೂ ನನಗೆ ಗೊತ್ತಿಲ್ಲ ಎಂಬರ್ಥದ ಸಾಲೊಂದು ಬಂದು ನಿಂತಿತು.

"ಮೂವತ್ತು ವರ್ಷದಿಂದ ಇದೇ ಬೀದೀಲಿದೀನಿ, ನಾನು ಗೊತ್ತಿಲ್ವಂತೆ!" ಎಂದು ಮಾಸ್ಟರು ಕೆರಳಿದರು.

"ಹೆಸರಿನ ಆಚೆ ಈಚೆ ಉದ್ಧರಣ ಚಿಹ್ನೆ ಹಾಕಿ ಸರ್," ಎಂದಳು ಟೀಚರಮ್ಮ. "ಇಲ್ಲಾಂದ್ರೆ ಅದು ನಿಮ್ಮನ್ನ ಯಾವುದೋ ಡಬ್ಬಿ ಅಂದ್ಕೊಂಡು ಹುಡುಕುತ್ತೆ. ಡಬ್ಬಿ ಸಿಗ್ದೆ ಇದ್ರೆ ಕೂಗಾಡುತ್ತೆ."

ಮೂರನೆಯ ದಿನ ಮಾಸ್ಟರ ಕೀರ್ತಿ ಬೆಳಗಿತು. ಷರತ್ತು ಹಾಕುವ ಇಫ್ ಸಾಲಿನ ಕೆಳಗಿನದನ್ನೆಲ್ಲ ನಾಲ್ಕು ಜಾಗ ಒಳಕ್ಕೆ ಸರಿಸಿ ಬರೆಯಬೇಕೆಂಬ ಪಾಠ. ಪಕ್ಕದ ನಿವೃತ್ತ ಪೋಸ್ಟ್‌ಮನ್ನರಿಗೆ ಅದು ತಲೆಗೆ ಹತ್ತಲೇ ಇಲ್ಲ. ಅವರ ಒಂದು ಸಾಲು ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ. "ಅಂಚು ಮಡಚೋದು ಅಷ್ಟೇ ಸ್ವಾಮಿ! ಒಂದು ಕಡೆ ಅರ್ಧ ಇಂಚು, ಇನ್ನೊಂದು ಕಡೆ ಒಂದಿಂಚು ಮಡಚಿದ್ರೆ ಲಂಗ ಸೊಟ್ಟಗಾಗಲ್ವಾ?" ಎಂದು ಮಾಸ್ಟರು ವಿವರಿಸಿದರು. ಟೀಚರಮ್ಮ ಚಪ್ಪಾಳೆ ತಟ್ಟಿದಳು. ಆ ಸಂಜೆ ಮಾಸ್ಟರು ಎದೆಯ ಸುತ್ತಳತೆ ಎರಡಿಂಚು ಹೆಚ್ಚಿಸಿಕೊಂಡು ಮನೆಗೆ ಬಂದರು.

ನಾಲ್ಕನೆಯ ದಿನ ಪಟ್ಟಿಯ ಪಾಠ. ಹೆಸರುಗಳನ್ನು ಸಾಲಾಗಿ ನಿಲ್ಲಿಸುವುದು, ಕಣ್ಣುಮುಚ್ಚಿ ಒಂದು ಸಂಖ್ಯೆ ಎತ್ತಿಸುವುದು, ಆ ಸಂಖ್ಯೆಯ ಹೆಸರನ್ನು ಕರೆಯುವುದು. ಮಧ್ಯದಲ್ಲಿ, ಕೋಟಿನ ಒಂದು ತೋಳು ಉದ್ದವಾಗಿದೆ ಎಂದು ಗಿರಾಕಿಯ ಫೋನು ಬಂತು. "ತೋಳಲ್ಲ ಸ್ವಾಮಿ, ನಿಮ್ಮ ಕೈ ಗಿಡ್ಡ" ಎಂದು ವಾದಿಸಲು ಮಾಸ್ಟರು ಹತ್ತು ನಿಮಿಷ ಹೊರಗೆ ಹೋಗಿಬಂದರು. ಉಳಿದದ್ದೆಲ್ಲ ಶ್ರದ್ಧೆಯಿಂದ ಕೇಳಿದರು. ಕೇಳುತ್ತ ಕೇಳುತ್ತಲೇ ಅವರ ತಲೆಯಲ್ಲಿ ದೀಪ ಹತ್ತಿಕೊಂಡಿತು.

ಮನೆಯಲ್ಲಿ ಸಂಜೆಯ ಪಾತ್ರೆ ತೊಳೆಯುವುದು ಯಾರು ಎಂಬುದು ಬಗೆಹರಿಯದ ವ್ಯಾಜ್ಯವಾಗಿತ್ತು. ನಿನ್ನೆ ನಾನು, ಮೊನ್ನೆಯೂ ನಾನು, ನೀನು ಬರೀ ಲೋಟ ತೊಳೆದದ್ದು ಲೆಕ್ಕಕ್ಕಿಲ್ಲ – ಹೀಗೆ ದಿನವೂ ಮೇಲ್ಮನವಿ. ಮಾಸ್ಟರು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಪ್ರತಿಷ್ಠಾಪಿಸಿ ಘೋಷಿಸಿದರು: "ಇನ್ಮೇಲೆ ಜಗಳ ಇಲ್ಲ. ಇದರೊಳಗೆ ನಾಲ್ಕು ಜನರ ಹೆಸರೂ ಇದೆ. ದಿನಾ ಇದೇ ಚೀಟಿ ಎತ್ತುತ್ತೆ. ಇದಕ್ಕೆ ಅಮ್ಮ ಇಲ್ಲ, ಅಪ್ಪ ಇಲ್ಲ, ಪಕ್ಷಪಾತ ಇಲ್ಲ. ಹೇಳಿದ್ದನ್ನ ಯಾರೂ ಮೀರೋ ಹಾಗಿಲ್ಲ. ಒಪ್ಪಿಗೆಯಾ?"

"ನೀವೂ ಮೀರೋ ಹಾಗಿಲ್ಲ ತಾನೇ?" ಎಂದು ಅತ್ತೆ ಖಚಿತಪಡಿಸಿಕೊಂಡರು.

"ನಾನೂ ಮೀರಲ್ಲ."

ಮೂವರೂ ಒಪ್ಪಿದರು. ಮಾಸ್ಟರು ಒಳಗೊಳಗೇ ನಕ್ಕರು. ಏಕೆಂದರೆ ಪಟ್ಟಿಯಲ್ಲಿ ಅವರು ಮೊದಲು ಹೆಂಡತಿ, ಆಮೇಲೆ ಅತ್ತೆ, ಆಮೇಲೆ ಮಗಳು, ಕಟ್ಟಕಡೆಗೆ ತಾವು ಎಂದು ನಿಲ್ಲಿಸಿದ್ದರು. ಎತ್ತಬೇಕಾದ ಸಂಖ್ಯೆ ಮಾತ್ರ ಒಂದರಿಂದ ಮೂರರವರೆಗೆ! ನಾಲ್ಕನೆಯವರ ಕೈಗೆ ನೀರು ಸೋಕುವ ಪ್ರಶ್ನೆಯೇ ಇಲ್ಲ.

ಗುಂಡಿ ಒತ್ತಿದರು. ಪರದೆಯ ಮೇಲೆ 'ಮಾಸ್ಟರ್' ಎಂದು ಬಂತು.

ಮಾಸ್ಟರು ಕನ್ನಡಕ ಒರೆಸಿ ನೋಡಿದರು. ಮಾಸ್ಟರೇ. ಈ ಸಲ ಯಂತ್ರಕ್ಕೆ ಅವರ ಗುರುತು ಚೆನ್ನಾಗಿ ಸಿಕ್ಕಿತ್ತು. ಮಾತು ಕೊಟ್ಟಾಗಿತ್ತು, ತೋಳು ಮಡಚಿ ತೊಳೆದರು. ಮರುದಿನ ಅತ್ತೆ. ಅದರ ಮರುದಿನ ಮತ್ತೆ ಮಾಸ್ಟರು. ಆಮೇಲೆ ಮಗಳು. ಆಮೇಲೆ ಮಾಸ್ಟರು, ಮಾಸ್ಟರು. ಹತ್ತು ದಿನ ಕಳೆದರೂ ಹೆಂಡತಿಯ ಹೆಸರು ಪರದೆಯ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಅವಳು ದಿನವೂ ಕುರ್ಚಿಯಲ್ಲಿ ಕಾಲು ಚಾಚಿ ಕೂತು, "ಎಂಥಾ ಒಳ್ಳೇ ಯಂತ್ರ ರೀ ಇದು!" ಎನ್ನುತ್ತಿದ್ದಳು.

ಹನ್ನೊಂದನೆಯ ದಿನ ಅತ್ತೆ ಸಿಡಿದರು. "ಅಳಿಯಂದ್ರೇ, ಇದರಲ್ಲೇನೋ ಮಸಲತ್ತಿದೆ. ನನ್ನ ಮಗಳ ಸರದಿ ಯಾಕೆ ಬರಲ್ಲ?"

ಮಗಳು ಲ್ಯಾಪ್‌ಟಾಪನ್ನು ತನ್ನತ್ತ ತಿರುಗಿಸಿಕೊಂಡು ಸಾಲುಗಳನ್ನು ಓದಿದಳು. ಅವಳ ಕಣ್ಣು ಅಗಲವಾಯಿತು. "ಅಜ್ಜೀ, ಪೈಥಾನಲ್ಲಿ ಪಟ್ಟಿ ಎಣಿಸೋದು ಸೊನ್ನೆಯಿಂದ. ಅಮ್ಮ ಸೊನ್ನೆ, ನೀವು ಒಂದು, ನಾನು ಎರಡು, ಅಪ್ಪ ಮೂರು. ಅಪ್ಪ ಒಂದರಿಂದ ಮೂರಕ್ಕೆ ಮಾತ್ರ ಚೀಟಿ ಹಾಕಿದಾರೆ. ಅಮ್ಮನ್ನ ಬೇಕಂತಲೇ ಬಿಟ್ಟಿದಾರೆ!"

ಸೊನ್ನೆ! ಮಾಸ್ಟರ ಕಣ್ಣ ಮುಂದೆ ಆ ದಿನದ ಗಿಡ್ಡ ಕೈಯ ಗಿರಾಕಿ ಸುಳಿದುಹೋದ. ಬಾಯಿ ತೆರೆದರು. ನಿಜ ಹೇಳಿದರೆ, ಬಿಡಬೇಕೆಂದಿದ್ದದ್ದು ಯಾರನ್ನು ಎಂಬುದನ್ನೂ ಹೇಳಬೇಕು. ಬಾಯಿ ಮುಚ್ಚಿದರು. ಅಷ್ಟರಲ್ಲಿ ಹೆಂಡತಿ ಅವರ ಮುಖವನ್ನೇ ನೋಡುತ್ತಿದ್ದಳು. ಇಪ್ಪತ್ತೆರಡು ವರ್ಷಗಳಲ್ಲಿ ಅವಳು ಹಾಗೆ ನೋಡಿದ್ದು ಮಾಸ್ಟರಿಗೆ ನೆನಪಿರಲಿಲ್ಲ.

"ನಿಂತೂ ನಿಂತೂ ನನ್ನ ಕಾಲು ನೋಯೋದು ನಿಮಗೆ ಗೊತ್ತಾಗಿತ್ತಾ ರೀ?"

"ಗೊತ್ತಾಗಲ್ವಾ ಮತ್ತೆ?" ಎಂದುಬಿಟ್ಟರು ಮಾಸ್ಟರು. ತಮ್ಮ ದನಿಯೇ ತಮಗೆ ಗಂಭೀರವಾಗಿ ಕೇಳಿಸಿತು. "ಮಾಡಿದ್ದನ್ನ ಹೇಳ್ಕೊಂಡು ತಿರುಗೋದು ನನ್ನ ಸ್ವಭಾವ ಅಲ್ಲ."

ಆಮೇಲಿನ ಒಂದು ವಾರ ಮಾಸ್ಟರು ರಾಜನಂತೆ ಬದುಕಿದರು. ಫ್ಯಾನು ಅವರ ಕಡೆಗೇ ತಿರುಗಿತು. ಅನ್ನದ ಮೇಲಿನ ತುಪ್ಪ ದುಪ್ಪಟ್ಟಾಯಿತು. ಅತ್ತೆ ಕೂಡ, "ಮಗಳನ್ನ ಚೆನ್ನಾಗಿ ನೋಡ್ಕೋತೀರಿ, ಸಂತೋಷ. ಆದ್ರೆ ಅದಕ್ಕೆ ನನ್ನ ಬೆನ್ನು ಯಾಕೆ ಮುರೀಬೇಕು?" ಎಂದು ಅರ್ಧ ಹೊಗಳಿ ಅರ್ಧ ಬೈದರು. ಮಾಸ್ಟರು ಔದಾರ್ಯದ ಭರದಲ್ಲಿ ಅತ್ತೆಯ ಸರದಿಯನ್ನೂ ತಾವೇ ತೊಳೆದುಕೊಟ್ಟರು. ನಿಜ ಹೇಳಬೇಕೆಂದರೆ, ಇದನ್ನೆಲ್ಲ ಹೆಂಡತಿಗಾಗಿಯೇ ಬರೆದದ್ದು ಎಂದು ಅವರೇ ಮುಕ್ಕಾಲು ಪಾಲು ನಂಬಿಬಿಟ್ಟಿದ್ದರು.

ಭಾನುವಾರ ಟೀಚರಮ್ಮ ಮಾಸ್ಟರಿಗೆ ಹೊಲಿಯಲು ಕೊಟ್ಟಿದ್ದ ತನ್ನ ಕೋಟು ಒಯ್ಯಲು ಬಂದಳು. ಹೆಂಡತಿ ಅವಳನ್ನು ಬಿಡದೆ ಒಳಗೆ ಕರೆತಂದು, ಲ್ಯಾಪ್‌ಟಾಪ್ ತೆರೆದು, "ನೋಡಮ್ಮಾ, ನಮ್ಮ ಯಜಮಾನ್ರು ನನಗೋಸ್ಕರ ಬರೆದಿದ್ದು" ಎಂದು ತೋರಿಸಿದಳು.

ಟೀಚರಮ್ಮ ಓದಿ ಕಿಲಕಿಲ ನಕ್ಕಳು. "ಅಯ್ಯೋ ಸರ್, ಆ ದಿನ ಫೋನು ಹಿಡ್ಕೊಂಡು ಹೊರಗೆ ಹೋದ್ರಲ್ಲ, ಆಗ್ಲೇ ಇದನ್ನ ಹೇಳಿದ್ದು! ಎಣಿಕೆ ಸೊನ್ನೆಯಿಂದ, ನಿಮ್ಮ ಟೇಪಿನ ಹಾಗೇ. ಕೊನೇ ಹೆಸರು ತಪ್ಪಿಸ್ಬೇಕು ಅಂತ ತಾನೇ ಒಂದರಿಂದ ಮೂರು ಹಾಕಿದ್ದು? ಮೊದಮೊದಲು ಎಲ್ರೂ ಮಾಡೋ ತಪ್ಪೇ. ಅಂದ ಹಾಗೆ, ಕೊನೇ ಹೆಸರು ಯಾರ್ದು?"

ಮಾಸ್ಟರು ಕೊರಳಲ್ಲಿದ್ದ ಟೇಪು ತೆಗೆದು, ಯಾವ ಅಗತ್ಯವೂ ಇಲ್ಲದೆ, ಬಾಗಿಲ ಅಗಲ ಅಳೆಯತೊಡಗಿದರು.

ಹೆಂಡತಿ ಕೂಗಾಡಲಿಲ್ಲ. ಅದೇ ಮಾಸ್ಟರಿಗೆ ಹೆಚ್ಚು ಭಯ ಹುಟ್ಟಿಸಿದ್ದು. ಅವಳು ಟೀಚರಮ್ಮನ ಪಕ್ಕ ಕುರ್ಚಿ ಎಳೆದುಕೊಂಡು, "ಇಲ್ಲಿ ಹೆಸರು ಬದಲಾಯಿಸೋದು ಹೇಗಮ್ಮಾ?" ಎಂದು ಹತ್ತೇ ನಿಮಿಷ ಪಾಠ ಹೇಳಿಸಿಕೊಂಡಳು. ಡಾಕ್ಟರುಗಳ ಅಕ್ಷರ ಓದಿದವಳಿಗೆ ಪೈಥಾನ್ ಯಾವ ಲೆಕ್ಕ!

ಸಂಜೆ ಊಟ ಮುಗಿಯಿತು. ಹೆಂಡತಿ ಲ್ಯಾಪ್‌ಟಾಪನ್ನು ಗಂಡನ ಮುಂದೆ ಸರಿಸಿದಳು. "ತಪ್ಪು ಸರಿ ಮಾಡಿದೀನಿ. ಈಗ ಸೊನ್ನೆಯಿಂದ ಮೂರು. ನಾಲ್ಕು ಹೆಸರಿಗೂ ಸಮಾನ ಅವಕಾಶ. ಟೀಚರಮ್ಮ ನೋಡಿ ಎಲ್ಲಾ ಸರಿಯಿದೆ ಅಂದಿದಾರೆ. ಒತ್ತಿ."

ನಾಲ್ವರಲ್ಲಿ ಒಬ್ಬ; ಕೆಟ್ಟ ಲೆಕ್ಕವೇನಲ್ಲ ಎಂದುಕೊಂಡು ಮಾಸ್ಟರು ಒತ್ತಿದರು.

'ಅಳಿಯಂದ್ರು' ಎಂದು ಬಂತು.

"ಇದೇನೇ ಇದು?" ಎನ್ನುತ್ತ ಮತ್ತೊಮ್ಮೆ ಒತ್ತಿದರು. 'ಅಪ್ಪ' ಎಂದು ಬಂತು. ಬೆವರು ಒರೆಸಿಕೊಂಡು ಮೂರನೆಯ ಸಲ ಒತ್ತಿದರು. 'ರೀ' ಎಂದು ಬಂತು. ನಾಲ್ಕನೆಯದು ಏನಿರಬಹುದೆಂದು ಅವರಿಗೆ ಒತ್ತದೆಯೇ ಗೊತ್ತಾಯಿತು.

"ಒಂಚೂರೂ ಪಕ್ಷಪಾತ ಇಲ್ಲ ನೋಡಿ," ಎಂದಳು ಹೆಂಡತಿ, ಕರಿ ಹಿಡಿದ ಬಾಣಲೆಯನ್ನು ಅವರ ಕೈಗಿಡುತ್ತ. "ಇದನ್ನ ಮೊದಲು ನೆನೆಹಾಕಿ. ತಳ ಹಿಡಿದಿದೆ."