ಕಳ್ಳನ ಪಾತ್ರಕ್ಕೆ ಗುರುಲಿಂಗಪ್ಪ

ಹಿರಿಯ ನಾಗರಿಕರ ಸುರಕ್ಷತಾ ಶಿಬಿರದಲ್ಲಿ ಕಳ್ಳನ ವೇಷ ಹಾಕಬೇಕಿದ್ದ ಪೇದೆಗೆ ಅಂದೇ ಜ್ವರ ಬಂದಿತು. ಜಮಾದಾರ ಧನರಾಜ ದಿಕ್ಕು ತೋಚದೆ ಸಭೆಯತ್ತ ನೋಡಿದ.

"ನಮ್ಮ ಗುರುಲಿಂಗಪ್ಪ ಕಾಕಾ ಅದಾರಲ್ರೀ! ಆ ಮಾರಿ ನೋಡಿದ್ರ ಯಾರಿಗೂ ಸಂಶೇ ಬರಂಗಿಲ್ಲ," ಎಂದಳು ನೆರೆಮನೆಯ ಅನುಸೂಯಾ.

ಉಮರ್ಗಾದ ಕಾಲೇಜೊಂದರ ಪ್ರಯೋಗಶಾಲೆಯಲ್ಲಿ ಮೂವತ್ತು ವರ್ಷ ಸೀಸೆ ತೊಳೆದು ನಿವೃತ್ತನಾದ ಗುರುಲಿಂಗಪ್ಪ ಗಳಿಸಿದ್ದು ಒಂದೇ, ಒಳ್ಳೆಯ ಹೆಸರು. ಅದನ್ನೇ ನಂಬಿಕೊಂಡು ವೇದಿಕೆ ಹತ್ತಿದ.

"ಅವ್ವಾ, ನಾ ಪೊಲೀಸ. ಮುಂದ ಖೂನ ಆಗ್ಯಾದ. ಬಂಗಾರ ತಗದು ಈ ಕಾಗದದಾಗ ಕಟ್ಟಿ ಇಟಗೋ," ಎಂದ, ವೇದಿಕೆಗೆ ಕರೆಸಿದ್ದ ಅಜ್ಜಿಯೊಬ್ಬಳಿಗೆ. ಪುಡಿಕೆಯನ್ನು ಯಾವಾಗ ಬದಲಿಸಿದನೋ ಯಾರಿಗೂ ಕಾಣಲಿಲ್ಲ. ಬಿಚ್ಚಿದರೆ ಒಳಗೆ ಎರಡು ಹರಳುಗಲ್ಲು! ಸಭೆಯೆಲ್ಲ ಚಪ್ಪಾಳೆ.

ಮಧ್ಯಾಹ್ನದೊಳಗೆ ಹಿಂದುಮುಂದು ಕತ್ತರಿಸಿದ ವಿಡಿಯೊ, ಒಡೆದ ಸೀಸೆಯ ಅಮೋನಿಯಾದಂತೆ ತಾಲ್ಲೂಕು ದಾಟಿತು. 'ಈ ಮುದುಕನಿಂದ ಹುಷಾರ್' ಎಂದು ಕೆಳಗೊಂದು ಬರಹ. ಚಹಾದವನು ಕಪ್ಪು ಕೊಡುವ ಮೊದಲು ತನ್ನ ಉಂಗುರ ಕಳಚಿ ಜೇಬಿಗಿಳಿಸಿದ. ಅನುಸೂಯಾ ಬಾಗಿಲು ತೆರೆಯದೆ ಕಿಟಕಿಯಿಂದಲೇ ಕೇಳಿದಳು: "ಕಾಕಾ, ಹೋದ ವಾರ ಸಕ್ರಿ ಒಯ್ಲಾಕ ಬಂದಾಗ ನಮ್ಮ ಮನ್ಯಾಗ ಏನೇನ ನೋಡಿದ್ರಿ?"

ಸಂಜೆ ಠಾಣೆಯಿಂದ ಕರೆ. ವಿಡಿಯೊ ನೋಡಿ ನಿಲಂಗಾದಿಂದ ಬಸ್ಸು ಹಿಡಿದು ಬಂದಿದ್ದ ಕಲ್ಯಾಣಮ್ಮ ಎಂಬ ಮುದುಕಿ ಬೆಂಚಿನಿಂದಲೇ ಬೆರಳು ಚಾಚಿದಳು.

"ಇಂವಾನೇ! ನಾಕ ವರ್ಷದ ಹಿಂದ ನನ್ನ ಕೈಯಾಗಿನ ಬಂಗಾರದ ಪಾಟ್ಲಿ ಒಯ್ದಾಂವ. ಅದೇ ಮಾತು, ಅದೇ ಕಾಗದ!"

ಸುದ್ದಿ ಕೇಳಿ ಓಡಿಬಂದ ಹೆಂಡತಿ ಶಿವಕಾಂತಾ ಗಂಡನಿಗೆ ಅಡ್ಡ ನಿಂತಳು. "ನಮ್ಮ ಮನಿಯವ್ರು ದೇವರಂಥಾವ್ರು ರೀ! ಮಂದಿ ಸಾಮಾನ ಮುಟ್ಟಿದಾವ್ರಲ್ಲ."

ಧನರಾಜ ನಿಧಾನವಾಗಿ ಕೇಳಿದ: "ಕಾಕಾ, ನಾ ನಿಮಗ ಎರಡೇ ಮಾತ ಹೇಳಿಕೊಟ್ಟಿದ್ದೆ. ಪುಡಕಿ ಬದಲ ಮಾಡೂದು ಯಾರ ಕಲಿಸಿದ್ರು?"

ಗುರುಲಿಂಗಪ್ಪನಿಗೆ ಉಳಿದ ದಾರಿ ಒಂದೇ, ಹೆಂಡತಿಯ ಮುಂದೆಯೇ ನಿಜ ಹೇಳುವುದು.

"ಕಳ್ಳನೇ ಕಲಿಸ್ಯಾನ್ರೀ. ಅದೇ ವರ್ಷ, ಅದೇ ನಿಲಂಗಾದಾಗ. ಇಕಿ ಕೊರಳಾಗಿನ ಬೋರಮಾಳ ರಿಪೇರಿಗಂತ ಒಯ್ದಿದ್ದೆ. ನನ್ನ ಕೈಯಾರೆ ಕಟ್ಟಿ ಕೊಟ್ಟೆ. ಮನಿಗಿ ಬಂದು ಬಿಚ್ಚಿದ್ರ ಕಲ್ಲು. ನಾಚಿಕಿಗಿ ಯಾರ ಮುಂದೂ ಹೇಳಿಲ್ಲ."

ಧನರಾಜನ ಮುಖ ಸಡಿಲವಾಯಿತು. "ಹಂಗಂದ್ರ ನೀವೂ ಮೋಸ ಹೋದಾವ್ರೇ. ಬೋರಮಾಳ ಹೋದದ್ದು ಖರೇ ಅಂತ ಕಾಕೂ ಹೂಂ ಅಂದ್ರ ಸಾಕು, ಮನಿಗಿ ಹೋಗ್ರಿ."

ಶಿವಕಾಂತಾ ಗಂಡನನ್ನೇ ನೋಡುತ್ತಿದ್ದಳು.

"ಬೋರಮಾಳ ತಂದು ಪೆಟಗ್ಯಾಗ ಇಟ್ಟೀನಿ, ನೀನೇ ಕಳದಿ ಅಂದ್ರಲ್ಲ? ಕಳದ ಪಾಪಕ್ಕ ನಾಕ ವರ್ಷದಿಂದ ಸೋಮವಾರ ಉಪಾಸ ಮಾಡ್ಲತೀನಲ್ಲ ನಾ?"

ಆಕೆ ಸೆರಗು ಸರಿಮಾಡಿಕೊಂಡು, ಹೋಗಿ ಕಲ್ಯಾಣಮ್ಮನ ಪಕ್ಕದಲ್ಲಿ ಕುಳಿತಳು.

"ಬರಕೋ ತಮ್ಮಾ. ಅಕ್ಕ ಹೇಳೂದು ಖರೇ ಅದ. ಇಂವಾನೇ."