ಹುಲೆಪ್ಪನ ಪತ್ರಾ, ಮಲ್ಕಮ್ಮನ ಬಂದೋಬಸ್ತ

ಹೊರಗ ಮಳಿ ನಿಂತು, ಒಂದು ಎಲಿ ಅಡಿಕಿ ಹಾಕ್ಕೊಂಡು ಉಗುಳುವಷ್ಟು ಹೊತ್ತಾದ ಮ್ಯಾಲ ಹುಲೆಪ್ಪನ ಅಡಿಗಿಮನ್ಯಾಗ ಮಳಿ ಶುರುವಾಗ್ತಿತ್ತು ನೋಡ್ರಿ! ಅಜ್ಜನ ಕಾಲದ ಮಣ್ಣಿನ ಮಾಳಿಗಿ ಅದು. ಮೊದಲು ನೀರು ಕುಡೀತಿತ್ತು, ಆಮ್ಯಾಲ ಕುಂತು ವಿಚಾರ ಮಾಡ್ತಿತ್ತು, ಕಡೀಕ ಸಾವಕಾಶ ಹೆಂಡ್ತಿ ಮಲ್ಕಮ್ಮನ ಹಿಟ್ಟಿನ ಪರಾತಕ್ಕ, ಮಜ್ಜಿಗಿ ಗಡಿಗಿಗೆ, ಒಮ್ಮೊಮ್ಮೆ ಆಕಿ ಬೈತಲಿಗೇ ಗುರಿ ಇಟ್ಟು ಬಿಡ್ತಿತ್ತು.

"ಅಲ್ರೀ," ಅಂದ್ಳು ಮಲ್ಕಮ್ಮ ಒಂದಿನ, ತಲಿ ಮ್ಯಾಲಿನ ಹನಿ ಒರಿಸ್ಕೋತ. "ಪಂಚಮಿಗೆ ನಮ್ಮಣ್ಣ ಕರಿಯಾಕ ಬರ್ತಾನ. ಅಷ್ಟರಾಗ ಈ ಮಾಳಿಗಿ ಸೋರೂದು ನಿಂತ್ರ ಎಲ್ಲಿಗೂ ಹೋಗಂಗಿಲ್ಲ, ಇಲ್ಲೇ ಹಬ್ಬ ಮಾಡ್ತೇನಿ. ನಿಲ್ಲಲಿಲ್ಲಂದ್ರ ಅವನ ಬಂಡಿ ಹತ್ತಿ ಅಫಜಲಪುರಕ್ಕ ಹೋದಾಕಿ ದೀಪಾವಳಿ ತನಕ ಹೊಳ್ಳಿ ನೋಡಂಗಿಲ್ಲ. ನಿಮ್ಮ ರೊಟ್ಟಿ ನೀವ ಬಡಕೋರಿ!"

ಹುಲೆಪ್ಪ ನಡುಗಿಬಿಟ್ಟ! ಜೇವರ್ಗಿ ತಹಸೀಲ ಕಚೇರಿಯಾಗ ಕಾರಕೂನ ಅಂವ. ತಲಿಗೆ ಇಸ್ತ್ರಿ ಮಾಡಿದ ಬಿಳಿ ರುಮಾಲು, ಬಾಯಾಗ ಬರೇ "ಹುಕುಂ", "ತಜವೀಜು", "ಬಂದೋಬಸ್ತ". ಊರ ಮಂದಿ ಅಂಜಿ ಸಲಾಂ ಹೊಡೀತಿದ್ರು. ಆದ್ರ ರೊಟ್ಟಿ ಬಡಿಯೂದಂದ್ರ ಅವನ ಜೀವಕ್ಕ ಬರ್ತಿತ್ತು. ಹ್ವಾದ ವರ್ಷ ಮಲ್ಕಮ್ಮ ತವರಿಗೆ ಹೋದಾಗ ಒಂದು ಬಡಿದಿದ್ದ. ನೆರಿಮನಿ ನಾಯಿ ಬಂದು ಅದನ್ನ ಮೂಸಿ, ಒಮ್ಮೆ ಅವನ ಮಾರಿ ನೋಡಿ, "ಪಾಪ" ಅಂದಂಗ ಬಾಲ ಅಲ್ಲಾಡಿಸಿ ಹೋಗಿತ್ತು. (ರೊಟ್ಟಿ ಮಾತ್ರ ಬಿಟ್ಟು ಹೋಗಿತ್ತು.)

ದೊಡ್ಡ ಯುದ್ಧ ಆಗಷ್ಟ ಮುಗಿದಿತ್ತು. ಪ್ಯಾಟಿಗೆ ಹೊಸ ಹೊಸ ಮಾಲು ಬರಾಕತ್ತಿತ್ತು. ಹುಲೆಪ್ಪ ಕಲಬುರ್ಗಿಗೆ ಹೋದಾಂವ ಬಂಡಿ ಮ್ಯಾಲ ಬೂದಿಬಣ್ಣದ, ಉಬ್ಬು ತಗ್ಗಿನ, ಮನಿ ಮ್ಯಾಲ ಹೊಚ್ಚೂ ಪತ್ರಾ ಹೇರಿಕೊಂಡು ಮೆರವಣಿಗಿ ಮಾಡಿದಂಗ ಬಂದ!

"ಅಸಬೆಸ್ಟಾಸ!" ಅಂದ, ಬಂಡಿಯಿಂದ ಇಳಿಯೂಕಿಂತ ಮೊದಲ. "ಕಲ್ಲಿನ ನಾರು ತಗದು ಸಿಮೆಂಟಿನಾಗ ಕಲಿಸ್ಯಾರ. ತುಕ್ಕು ಹಿಡಿಯಂಗಿಲ್ಲ, ಸೋರಂಗಿಲ್ಲ, ಬೆಂಕಿ ಹತ್ತಂಗಿಲ್ಲ! ನಿಮ್ಮಣ್ಣ ಅಫಜಲಪುರದಾಗ ತಗಡು ಹಾಕ್ಸಿ ಊರೆಲ್ಲಾ ಸಾರಿದ್ನಲ್ಲಾ? ಬರ್ಲಿ ಈಗ!"

ಗೌಂಡಿ ಖಾದರಸಾಬ ಬಂದ, ಮಣ್ಣಿನ ಮಾಳಿಗಿ ಇಳಿಸಿದ, ಅಳತಿ ಹಿಡದ, ಪತ್ರಾ ಉದ್ದ ಆಗ್ತಾವ, ಎಲ್ಲಾ ಒಂದೊಂದು ಗೇಣು ಕೊಯ್ಯಬೇಕು ಅಂದ. ಹುಲೆಪ್ಪ ಧೋತರ ಮ್ಯಾಲ ಕಟ್ಟಿ ತಾನ ಗರಗಸ ಹಿಡದ. ಮೊದಲ ಎಳತ ಇನ್ನೇನು ಎಳೀಬೇಕು, ಅಷ್ಟರಾಗ ನಡುಗ್ವಾಡಿ ಆಚಿಂದ ಒಂದು ಚೀರಾಟ.

"ಯಾ ಅಲ್ಲಾ! ಅಣ್ಣಾರ, ಅದನ್ನ ಒಣಾಂದು ಕೊಯ್ಯಬ್ಯಾಡ್ರಿ!"

ನೆರಿಮನಿ ವಜೀರುನ್ನಿಸಾ. ಆಕಿ ಗಂಡ ಶರಫುದ್ದೀನ ಮುಂಬೈಯಾಗ ಇಂಥದ ಪತ್ರಾ ಮಾಡೋ ಒಂದು ಕಾರಖಾನ್ಯಾಗ ಕೊಯ್ಯೂ ಕೆಲಸ ಮಾಡಿ, ಕೆಮ್ಮು ಗಂಟು ಕಟ್ಟಿಕೊಂಡು ಊರಿಗೆ ಬಂದಿದ್ದ. ಈಗ ಬೇವಿನ ಗಿಡದ ಕಟ್ಟಿ ಮ್ಯಾಲ ಕುಂತು ಹಗ್ಗ ಹೊಸೀತಿದ್ದ.

"ಧೂಳಿಗೆ ಅಂಜತಿಯೇನಬೇ?" ಅಂತ ನಕ್ಕ ಹುಲೆಪ್ಪ. "ಕಚೇರಿ ಕಾಗದದ ಧೂಳು ತಿಂದು ತಿಂದು ನನ್ನ ಎದಿ ಕಬ್ಬಿಣ ಆಗ್ಯದ!"

"ಇದು ಕಾಗದದ ಧೂಳಲ್ರಿ ಅಣ್ಣಾರ. ಒಳಗ ಹೋದ್ರ ಅಲ್ಲೇ ಮನಿ ಮಾಡ್ತದ. ಬಾಡಿಗಿನೂ ಕೊಡಂಗಿಲ್ಲ, ಬಿಟ್ಟೂ ಹೋಗಂಗಿಲ್ಲ."

ಶರಫುದ್ದೀನ ಏನೋ ಹೇಳಾಕ ಬಾಯಿ ತಗದ. ಮಾತಿನಕಿಂತ ಮೊದಲು ಕೆಮ್ಮು ಬಂತು. ಬಂತು, ಬಂತು, ಬರಾಕತ್ತೇ ಇತ್ತು. ಹುಲೆಪ್ಪನ ನಗಿ ಬಾಯಾಗ ಹಂಗ ಉಳೀತು.

ಮಲ್ಕಮ್ಮ ಬಾಗಲದಾಗ ನಿಂತು ಎಲ್ಲಾ ಕೇಳಿದ್ಳು. ಕೆಮ್ಮು ನಿಲ್ಲೂ ತನಕ ಕಾದು, "ಶರಫಣ್ಣಾ, ಅಲ್ಲಿ ಹೆಂಗ ಕೊಯ್ತಿದ್ರಿ?" ಅಂತ ಕೇಳಿದ್ಳು.

"ಒಣಾನ ಅಕ್ಕಾ. ಹಿಟ್ಟಿನ ಗಿರಣಿ ಇದ್ದಂಗ, ಒಬ್ಬರ ಮಾರಿ ಒಬ್ಬರಿಗೆ ಕಾಣ್ತಿದ್ದಿಲ್ಲ. ಯಾರೋ ದೊಡ್ಡ ಡಾಕ್ಟರ ಬಂದು ನೀರು ಹಾಕಿ ಕೊಯ್ರಿ ಅಂದ. ನೀರು ಹಾಕಿದ್ರ ಕೆಲಸ ಸಾವಕಾಶ ಆಗ್ತದ ಅಂದ ಆಳಿನ ಮ್ಯಾಲಿನ ಮುಕಾದಮ."

"ನಮಗೇನು ಅವಸರ ಇಲ್ಲ," ಅಂದ್ಳು ಮಲ್ಕಮ್ಮ. ಗಂಡನ ಕೈಯಾಗಿನ ಗರಗಸ ಕಸಗೊಂಡ್ಳು. "ಇವತ್ತಿನಿಂದ ಈ ಪತ್ರಾ ಖಾರ ಇದ್ದಂಗ!"

ಖಾರ ಕುಟ್ಟೂ ದಿನ ಅಂದ್ರ ಗೊತ್ತದಲ್ರೀ? ಮಲ್ಕಮ್ಮನ ಮನ್ಯಾಗ ಅದು ಕರ್ಫ್ಯೂ! ಕೂಸು ಕುನ್ನಿ ಎಲ್ಲಾ ಹೊರಗ. ಗಾಳಿ ಯಾವ ಕಡಿ ಬೀಸ್ತದ ನೋಡಿ, ಅದಕ್ಕ ಬೆನ್ನು ಕೊಟ್ಟು ಕುಂಡ್ರೂದು. ಮೂಗು ಬಾಯಿಗೆ ಹಸಿ ಅರಿವಿ. ಕುಟ್ಟಿದ ಸೀರಿ ಬ್ಯಾರೆ, ಉಡೂ ಸೀರಿ ಬ್ಯಾರೆ. ಮೈ ತೊಳಕೊಳ್ಳದ ಹೊಸ್ತಿಲಾ ದಾಟಿದ್ರ ಜಗಳ. ಈ ಕಾಯಿದೆ ಆಕಿಗೆ ಯಾವ ಕಾಲೇಜೂ ಕಲಿಸಿದ್ದಿಲ್ಲ. ಆಕಿ ಅತ್ತಿ ಕಲಿಸಿದ್ಳು, ಆಕಿಗೆ ಆಕಿ ಅತ್ತಿ. ಈಗ ಒಂದು ಮೆಣಸಿನಕಾಯಿ ತಗದು, ಅದರ ಜಾಗಾದಾಗ ಒಂದು ಪತ್ರಾ ಇಟ್ಳು. ಅಷ್ಟ! ಆಹಾ, ಇದಕ್ಕ ತಲಿ ಅನ್ನಬೇಕು!

ಮೊದಲ ಹುಕುಂ ಹೊಂಟಿತು. "ಖಾದರಣ್ಣ, ಎಲ್ಲಾ ಯಾತಕ್ಕ ಕೊಯ್ಯಬೇಕು? ಉದ್ದ ಆದ್ರ ಹೊರಗ ಚಾಚಲಿ, ನನ್ನ ಕುಳ್ಳು ಕಟ್ಟಿಗಿಗೆ ನೆಳ್ಳಾಗ್ತದ. ಹೊಗಿ ಹೋಗಾಕ ತೂತು ಕೊರೀಬ್ಯಾಡ್ರಿ, ಗ್ವಾಡಿ ಮ್ಯಾಲ ಸಂದು ಬಿಡ್ರಿ."

ಖಾದರಸಾಬ ತಲಿ ಕೆರಕೊಂಡು ಮತ್ತ ಅಳತಿ ಹಿಡದ. ನಿಜವಾಗ್ಲೂ ಒಂದ ಒಂದು ಪತ್ರಾ ಕೊಯ್ಯೂದು ಉಳೀತು, ವಜೀರುನ್ನಿಸಾನ ಗ್ವಾಡಿಗೆ ಬಡಿಯೂದು. ಗರಗಸ ಮುಟ್ಟದ ಪತ್ರಾ ಧೂಳು ಹಾರಿಸಂಗಿಲ್ಲ. ಇಷ್ಟು ಸಣ್ಣ ಮಾತು ಹುಲೆಪ್ಪಗೂ ಹೊಳಿದಿದ್ದಿಲ್ಲ, ಗೌಂಡಿಗೂ ಹೊಳಿದಿದ್ದಿಲ್ಲ!

ಆ ಒಂದು ಪತ್ರಾದ ಮ್ಯಾಲ ಹಸಿ ಗೋಣಿತಟ್ಟು ಹೊಚ್ಚಿ ರಾತ್ರಿಯೆಲ್ಲಾ ನೆನಿಸಿದ್ರು. ಮುಂಜಾನಿ ಅದನ್ನ ಹಿತ್ತಲಿಗೆ, ಬಾವಿಯಿಂದ ದೂರ ಒಯ್ದರು. ಓಣಿ ಮಕ್ಕಳನ್ನ ಹನುಮಪ್ಪನ ಗುಡಿ ಕಡಿ ಓಡಿಸಿದ್ರು. ಮೂಗಿಗೆ ಕಟ್ಟಾಕ ದಪ್ಪನ ಹಸಿ ಅರಿವಿ ಬೇಕಿತ್ತು. ಮಲ್ಕಮ್ಮ ಅತ್ತಿತ್ತ ನೋಡಿದ್ಳು. ಆಕಿ ಕಣ್ಣು ಗಂಡನ ತಲಿ ಮ್ಯಾಲ ನಿಂತಿತು.

"ಏ, ಅದು ಕಚೇರಿ ರುಮಾಲು!"

"ಕಚೇರಿಗೆ ತಲಿ ಇದ್ರ ಸಾಕು," ಅಂದು ಪರ್ರ್ ಅಂತ ಹರದೇ ಬಿಟ್ಳು. ಎಷ್ಟು ಸುತ್ತಿನ ರುಮಾಲು ಅದು! ನಾಲ್ಕು ಮಡಿಕಿ ಮಾಡಿ ಕಟ್ಟಿದ್ರೂ ಎಲ್ಲರ ಮೂಗಿಗೂ ಬಂತು.

ಖಾದರಸಾಬ ಸಾವಕಾಶ ಎಳದ. ವಜೀರುನ್ನಿಸಾ ಗರಗಸದ ಹಲ್ಲಿಗೆ ತಂಬಗಿಯಿಂದ ಸಣ್ಣ ಧಾರಿ ನೀರು ಬಿಟ್ಟಳು. ಧೂಳು ಹಾರಲಿಲ್ಲ, ಕೆಸರಾಗಿ ಇಳೀತು. ದೂರ ಇರು ಅಂತ ಹೊರಗ ಕಳಿಸಿದ್ದ ಹುಲೆಪ್ಪ ಗ್ವಾಡಿ ಮ್ಯಾಲಿಂದ ಹಣಕಿ ಹಾಕಿ, "ಸ್ವಲ್ಪ ಜೋರ್‍ಲೆ ಎಳೀರಿ!" ಅಂತ ಹುಕುಂ ಮಾಡಿದ. ಹಣಕಿದ ತಪ್ಪಿಗೆ, ಕೊಯ್ದವರ ಜೋಡಿ ಅವನಿಗೂ ಮೈ ತೊಳಿಯಾಕ ತಲಿ ಮ್ಯಾಲ ಎರಡು ಕೊಡ ನೀರು ಬಿತ್ತು. ಕೊಯ್ದ ಕೆಸರು ಒಣಗೂಕಿಂತ ಮೊದಲ ಬಳದು, ಚೂರು ಆರಿಸಿ, ಕಟ್ಟಿಕೊಂಡ ರುಮಾಲಿನ ಸಮೇತ ಹಸಿ ತಟ್ಟಿನಾಗ ಗಂಟು ಕಟ್ಟಿ, ಆಳನ ತಗ್ಗು ತೋಡಿ ಹೂಳಿದ್ರು. ಕಸಬರಿಗಿ ಮುಟ್ಟಾಕೂ ಬಿಡಲಿಲ್ಲ ಮಲ್ಕಮ್ಮ. ಮಾಳಿಗಿ ಏರೂ ಮುಂದ, "ಪತ್ರಾದ ಮ್ಯಾಲ ಕಾಲಿಟ್ರ ಸೀದಾ ಒಲಿಯಾಗ ಬೀಳ್ತೀರಿ," ಅಂತ ಹಲಗಿ ಹಾಸಿಸಿದ್ಳು.

ಎಲ್ಲಾ ಮುಗದ ಮ್ಯಾಲ ಶರಫುದ್ದೀನ ಕಟ್ಟಿ ಮ್ಯಾಲಿಂದ ಬರೇ ಒಂದು ಮಾತು ಅಂದ. "ಅಕ್ಕಾ, ನೀವು ನಮ್ಮ ಮುಕಾದಮ ಆಗಬೇಕಿತ್ತು." ವಜೀರುನ್ನಿಸಾ ಮಾರಿ ಆ ಕಡಿ ತಿರುಗಿಸಿ ಕಣ್ಣು ಒರಿಸ್ಕೊಂಡ್ಳು.

ಅವತ್ತು ಸಂಜಿಗೆ ಮಳಿ ಬಂತು. ಎಲ್ಲಾರೂ ಅಡಿಗಿಮನ್ಯಾಗ ಮಾರಿ ಮ್ಯಾಲ ಮಾಡಿ ನಿಂತ್ರು. ಹೊರಗ ಧೋ ಧೋ. ಒಳಗ ಒಂದ ಹನಿ ಇಲ್ಲ! ಮಲ್ಕಮ್ಮ "ಹ್ಞೂಂ" ಅಂದ್ಳು. ಹುಲೆಪ್ಪಗ ಅದು ನಿಜಾಮರು ಖಿಲ್ಲತ್ತಿನ ಶಾಲು ಹೊದಿಸಿದಂಗಾತು. ಹೆಂಡ್ತಿ ಉಳದ್ಳು, ರೊಟ್ಟಿ ಉಳೀತು!

ಇಲ್ಲಿಗೆ ಸುಮ್ಮನಿದ್ರ ಹುಲೆಪ್ಪ ಹುಲೆಪ್ಪ ಹೆಂಗಾಗ್ತಾನ್ರಿ?

ಪಂಚಮಿಗೆ ಮಲ್ಕಮ್ಮನ ಅಣ್ಣ ಮಹಾದೇವಪ್ಪ ರೇಶಿಮಿ ರುಮಾಲು ಸುತ್ತಿಕೊಂಡು ಬಂದ. ಮಲ್ಕಮ್ಮ ಬೇವಿನ ಗಿಡದ ಜೋಕಾಲಿಗೆ ಹೋಗಿದ್ಳು. ಎಳ್ಳುಂಡಿ, ಶೇಂಗಾ ಉಂಡಿ ತಾಟಿನ ತುಂಬ ಒಲಿ ಬಾಜೂ ಇದ್ವು. ಹುಲೆಪ್ಪ ಬೀಗರನ್ನ ಸೀದಾ ಅಡಿಗಿಮನಿಗೇ ಕರಕೊಂಡು ಬಂದ.

"ನೋಡ್ರಿ ಬಾವಾರ! ನಿಮ್ಮ ತಗಡು ಬ್ಯಾಸಿಗ್ಯಾಗ ಹಂಚಿನಂಗ ಕಾಯ್ತದ. ಇದಕ್ಕ ಬೆಂಕಿನ ಹತ್ತಂಗಿಲ್ಲ."

ಮಹಾದೇವಪ್ಪ ಮ್ಯಾಲ ನೋಡಿದ, ಮೀಸಿ ತೀಡಿದ. "ಬಾಯಿಲೆ ಹೇಳಿದ್ರ ನಮ್ಮೂರ ಎಮ್ಮಿನೂ ಹಾರ್ತಾವ ಅಳ್ಯಾರ."

ಸಾಕಾತು! ಹುಲೆಪ್ಪ ಜ್ವಾಳದ ಚೀಲದ ಹಿಂದ ಕೈ ಹಾಕಿದ. ಹೂಳೂ ದಿನ ಹೆಂಡ್ತಿ ಕಣ್ಣು ತಪ್ಪಿಸಿ ಒಂದು ತುಂಡು ಮುಚ್ಚಿಟ್ಟಿದ್ದ, ರಾತ್ರಿಯೆಲ್ಲಾ ನೀರು ಕುಡದಿದ್ದ ತುಂಡು. ಉರಿಯೂ ಒಲಿ ಮ್ಯಾಲಿಂದ ಹಂಚು ಇಳಿಸಿ ಅದನ್ನ ಇಟ್ಟ. ಅದರ ಮ್ಯಾಲ ತಾನ ಬಡದ ಒಂದು ಸೊಟ್ಟ ರೊಟ್ಟಿ ಹಾಕಿದ.

"ಹೊಗಿ ಅದ? ವಾಸನಿ ಅದ? ಇನ್ನ ಮ್ಯಾಲ ಜೇವರ್ಗಿ ತಾಲೂಕಿನಾಗ ಹಂಚ ಬೇಕಾಗಂಗಿ..."

ಢಮ್!

ಒಳಗಿನ ನೀರು ಕಾದು ಉಗಿಯಾಗಿ ಪತ್ರಾ ನೂರು ಚೂರಾತು. ಬೂದಿ ಮಾಳಿಗಿ ತನಕ ಹಾರಿತು. ರೊಟ್ಟಿ ಎದ್ದು, ಗಾಳ್ಯಾಗ ಒಂದು ಸುತ್ತು ತಿರುಗಿ, ಮಹಾದೇವಪ್ಪನ ರೇಶಿಮಿ ರುಮಾಲಿನ ಮ್ಯಾಲ ಪಟ್ ಅಂತ ಕುಂತಿತು. (ಒಂದು ಬದಿ ಚಂದಗೆ ಬೆಂದಿತ್ತು. ಹುಲೆಪ್ಪ ಜನ್ಮದಾಗ ಬಡದ ಛಲೋ ರೊಟ್ಟಿ ಅದೊಂದ.)

ಮಲ್ಕಮ್ಮ ಜೋಕಾಲಿಯಿಂದ ಜಿಗದು ಬಂದ್ಳು. "ಇಬ್ಬರ ಕಣ್ಣೂ ನೆಟ್ಟಗ ಅದಾವಿಲ್ಲ? ಹಂಗಾರ ಹೊರಗ ನಡೀರಿ! ಅಣ್ಣಾ, ರೊಟ್ಟಿ ಝಾಡಿಸಬ್ಯಾಡ, ಧೂಳು ಹಾರ್ತದ. ಹಂಗ ಹೊತ್ಕೊಂಡ ಬಾ!"

ಅಫಜಲಪುರದಾಗ ಹತ್ತು ಆಳಿಗೆ ಮಾಲಕ ಆದ ಮಹಾದೇವಪ್ಪ ತಲಿ ಮ್ಯಾಲ ರೊಟ್ಟಿ ಹೊತ್ತು ಹಿತ್ತಲಿಗೆ ನಡದ. ಮಲ್ಕಮ್ಮ ಬಾಗಲಾ ಹಾಕಿ ಬೂದಿ ಕೆಳಗ ಕುಂಡ್ರೂ ತನಕ ಕಾದ್ಳು. ಮೂಗಿಗೆ ಕಟ್ಟಿಕೊಂಡು ವಜೀರುನ್ನಿಸಾ ಜೋಡಿ ಒಳಗ ಹೋಗಿ, ಹಸಿ ಅರಿವಿಲೆ ಗ್ವಾಡಿ, ನೆಲ, ಭಾಂಡೆ ಎಲ್ಲಾ ಒರಿಸಿದ್ಳು. ಒಲಿ ಬಾಜೂ ತೆರದಿಟ್ಟ ಉಂಡಿ ಅಷ್ಟೂ ಗಂಟಿನಾಗ ಹೋದ್ವು. ಮಹಾದೇವಪ್ಪ ತನ್ನ ಪ್ರೀತಿಯ ಎಳ್ಳುಂಡಿ ತಗ್ಗಿನಾಗ ಇಳಿಯೂದು ನೋಡಿ ಸಾಹೇಬರಂಗ ತಲಿ ಮ್ಯಾಲ ಹ್ಯಾಟಿದ್ದಿದ್ರ ಹೆಣಕ್ಕ ಮರ್ಯಾದಿ ಕೊಟ್ಟಂಗ ತಗೀತಿದ್ದ. ಇದ್ದ ರುಮಾಲೂ ಅದರ ಮ್ಯಾಲ ಬಿತ್ತು.

ಸಂಜಿಗೆ ಬಾವ ಮೈದುನ ಇಬ್ಬರೂ ಬೋಳು ತಲಿಲೆ ಕಟ್ಟಿ ಮ್ಯಾಲ ಕುಂತಿದ್ರು. ಬೈಗಳಾ ಯಾವ ಕಡಿಂದ ಬರ್ತಾವಂತ ಹುಲೆಪ್ಪ ಕಾಯಾಕತ್ತಿದ್ದ. ಮಹಾದೇವಪ್ಪ ಮಲ್ಕಮ್ಮನ ಕಡಿ ತಿರುಗಿದ.

"ತಂಗೀ, ಒಂದು ಖರೇ ಮಾತು. ಅಳ್ಯಾರ ಪತ್ರಾ ತಂದಾರಂತ ಕೇಳಿ, ನಾನೂ ತರಿಸೇನಿ. ದೊಡ್ಡ ಮನಿಗೆ, ದನದ ಕೊಟ್ಟಿಗಿಗೆ, ಎಲ್ಲಾಕ್ಕೂ. ಹಬ್ಬ ಆದ ಮರುದಿನ ಗೌಂಡಿ ಕೊಯ್ಯಾವ ಇದ್ದ. ಒಣಾನ. ಮನಿ ತುಂಬ ಕೂಸು ಅದಾವವ್ವಾ." ಅವನ ಕಣ್ಣು ಶರಫುದ್ದೀನನ ಕಡಿ ಹೋಗಿ ಬಂತು. "ನೀ ಬಂದು ನಿಂತು ಮಾಡ್ಸಿಕೊಡು."

"ಏ ಏ!" ಅಂತ ಎದ್ದೇ ನಿಂತ ಹುಲೆಪ್ಪ. "ಸೋರೂದು ನಿಂತ್ರ ಎಲ್ಲಿಗೂ ಹೋಗಂಗಿಲ್ಲ ಅಂದಿದ್ದಿಯಲ್ಲಬೇ!"

"ಅಂದಿದ್ದೆ. ಅದು ಸೋರೂ ಮಾತು, ಇದು ಧೂಳಿನ ಮಾತು," ಅಂದ್ಳು ಮಲ್ಕಮ್ಮ, ಊರಿಗೆ ಹೋಗೂ ಅರಿವಿ ಗಂಟು ಕಟ್ಟಿಕೋತ. "ಇನ್ನೊಬ್ಬರ ಎದಿಗಿಂತ ನಿಮ್ಮ ರೊಟ್ಟಿ ದೊಡ್ಡದೇನ್ರಿ?"

ಹೋದ್ಳು. ಅಫಜಲಪುರದ ಕೆಲಸ ಮುಗೀತು ಅನ್ನೂದರಾಗ ಆಳಂದದ ಚಿಗವ್ವ ಕರಿಸಿದ್ಳು, ಅಲ್ಲೂ ಪತ್ರಾ ಬಂದಿದ್ವಂತ. ಖಾರದ ಕಾಯಿದೆ ಊರಿಂದ ಊರಿಗೆ ನಡೀತು! ಇತ್ತ ಹುಲೆಪ್ಪ ಒಣಗಿದ ಅಡಿಗಿಮನ್ಯಾಗ ಹಸಿ ಹಿಟ್ಟಿನ ಜೋಡಿ ಕುಸ್ತಿ ಹಿಡೀತಿದ್ದ. ಮಳಿ ಬಂದಾಗೆಲ್ಲಾ ಮ್ಯಾಲ ನೋಡಿ, "ಒಂದ ಒಂದು ಹನಿ ಸೋರೋ ಮಾರಾಯಾ, ಕರಸಾಕ ನೆಪ ಬೇಕು," ಅಂತ ಕೈ ಮುಗೀತಿದ್ದ. ಪತ್ರಾ ಜಪ್ಪಯ್ಯ ಅನ್ನಲಿಲ್ಲ.

ಕಡೀಕ ಆಳಂದಕ್ಕ ಹೊಂಟಿದ್ದ ಒಬ್ಬ ಬಂಡಿಯಾಂವಗ ಹೇಳಿ ಕಳಿಸಿದ. "ಪತ್ರಾ ಬಿರಕ ಬಿಟ್ಟದ, ಸೋರಾಕತ್ತದ, ಲಗೂನ ಬಾ ಅಂತ ಹೇಳು."

ಬಂಡಿಯಾಂವ ಹೊಳ್ಳಿ ಬಂದ. ಜವಾಬು ಮಾತ್ರ ಹುಲೆಪ್ಪಗ ಹೇಳಲಿಲ್ಲ, ಸೀದಾ ವಜೀರುನ್ನಿಸಾಗ ಹೇಳಿದ. ಹಂಗ ಹುಕುಂ ಆಗಿತ್ತಂತ.

ವಜೀರುನ್ನಿಸಾ ಬಂದು ಅಡಿಗಿಮನಿಗೆ, ತಲಬಾಗಲಕ್ಕ ಎರಡಕ್ಕೂ ಕೀಲಿ ಹಾಕಿ, ಕೀಲಿಕೈ ಸೊಂಟಕ್ಕ ಸಿಗಿಸಿಕೊಂಡ್ಳು. "ಅಕ್ಕ ಹೇಳ್ಯಾಳ್ರಿ ಅಣ್ಣಾರ. ಬಿರಕ ಬಿಟ್ಟ ಪತ್ರಾದ ಕೆಳಗ ಯಾರೂ ಕುಂಡ್ರಬಾರದಂತ. ತಾನ ಬಂದು ನೋಡೂ ತನಕ ನೀವು ಹೊರಗ!"

"ಏ, ಅದು ಸುಳ್ಳಬೇ! ಬಿರಕಿಲ್ಲ, ಏನಿಲ್ಲ, ನಾನ ಸುಳ್ಳ ಹೇಳೇನಿ!"

"ಹಂಗ ಅಂತೀರಂತನೂ ಹೇಳ್ಯಾಳ್ರಿ. ಕೇಳಬ್ಯಾಡ ಅಂದಾಳ."

ಅಷ್ಟರಾಗ ಆಕಾಶ ಕಪ್ಪಾಗಿ ಧೋ ಅಂತ ಸುರೀತು. ಶರಫುದ್ದೀನ ಕಟ್ಟಿ ಮ್ಯಾಲ ಸರದು, ತನ್ನ ಗೊಂಗಡಿ ಕಂಬಳಿಯಾಗ ಅರ್ಧ ಜಾಗಾ ಕೊಟ್ಟ. ರುಮಾಲಿಲ್ಲದ ತಲಿ ಮ್ಯಾಲ ಬೇವಿನ ಎಲಿಯಿಂದ ಹನಿ ಹನಿ ಬೀಳಿಸ್ಕೋತ ಕುಂತ ಹುಲೆಪ್ಪ. ಎದರಿಗೆ ಅವನ ಅಡಿಗಿಮನಿ ಕೀಲಿ ಹಾಕ್ಕೊಂಡು ಬೆಚ್ಚಗ ನಿಂತಿತ್ತು. ಒಳಗ ಒಂದ ಹನಿ ಬಿದ್ದಿದ್ರ ಕೇಳ್ರಿ.